ಬೀಳಗಿ ಸೋದರಿಯರ ಗ್ರಾಮೋಫೋನ್ ತಟ್ಟೆಗಳು: ಸಂಗ್ರಹ, ಮರುಬಿಡುಗಡೆ ಮತ್ತು ಹೆಸರಿನ ಗೊಂದಲ

ನಮ್ಮ ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಅಧಿಕೃತವಾಗಿ ಬಂದದ್ದು 1973ರ ನವೆಂಬರ್ 1ರಂದು. ಅದಕ್ಕೂ ಮೂರು ದಶಕಗಳ ಹಿಂದೆಯೇ ಆ ಹೆಸರು ಮುಂಬಯಿ, ಕಲಕತ್ತೆ, ಲಾಹೋರಿನ ಮನೆಗಳಲ್ಲಿ ನಿಮಿಷಕ್ಕೆ 78 ಸುತ್ತಿನಂತೆ ತಿರುಗುತ್ತಿತ್ತು. ಗ್ರಾಮೋಫೋನ್ ತಟ್ಟೆಯ ನಡುವಿನ ದುಂಡು ಚೀಟಿಯ ಮೇಲೆ ಅಮೀರಬಾಯಿ ಕರ್ನಾಟಕಿ, ಗೋಹರಬಾಯಿ ಕರ್ನಾಟಕಿ ಎಂದು ಅಚ್ಚಾಗುತ್ತಿದ್ದ ಹೆಸರುಗಳೇ ಅದಕ್ಕೆ ಕಾರಣ. ಇಬ್ಬರೂ ಒಡಹುಟ್ಟಿದವರು, ಇಂದಿನ ಬಾಗಲಕೋಟೆ ಜಿಲ್ಲೆಯ ಬೀಳಗಿಯವರು. ಅವರ ಕಾಲದಲ್ಲಿ ಬೀಳಗಿಯು ಮುಂಬಯಿ ಪ್ರಾಂತದ ವಿಜಾಪುರ ಜಿಲ್ಲೆಗೆ ಸೇರಿತ್ತು. ಬಾಗಲಕೋಟೆ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ.

ಈ ಆಡಳಿತಾತ್ಮಕ ವಿವರ ಇಲ್ಲಿ ಅಪ್ರಸ್ತುತವೆನಿಸಬಹುದು. ಆದರೆ ಹಳೆಯ ಧ್ವನಿಮುದ್ರಿಕೆಗಳನ್ನು ಹುಡುಕಿ ಹೊರಟವರಿಗೆ ಅದೇ ಮೊದಲ ತೊಡಕು. ಕಲಾವಿದೆಯ ಊರು ಕನ್ನಡದ್ದು, ಮುದ್ರಣ ಕೇಂದ್ರ ಮುಂಬಯಿ, ಹಾಡಿನ ಭಾಷೆ ಹಿಂದಿ, ಮರಾಠಿ ಅಥವಾ ಕನ್ನಡ. ಇಂಥ ತಟ್ಟೆಯನ್ನು ಯಾವ ಪಟ್ಟಿಯಲ್ಲಿ ಹುಡುಕಬೇಕು? ಈ ಲೇಖನವು ಬೀಳಗಿ ಸೋದರಿಯರ ಮುದ್ರಿಕೆಗಳನ್ನು ನಿದರ್ಶನವಾಗಿಟ್ಟುಕೊಂಡು, 78 ಸುತ್ತಿನ ತಟ್ಟೆಗಳ ಸಂಗ್ರಹ, ಗುರುತಿಸುವಿಕೆ ಹಾಗೂ ಮರುಬಿಡುಗಡೆಯ ಬಗ್ಗೆ ತಿಳಿಯಬಯಸುವವರಿಗಾಗಿ ಸಿದ್ಧಪಡಿಸಿದ್ದಾಗಿದೆ.

ಸೋದರಿಯರು

ಹಿರಿಯಳಾದ ಗೋಹರಬಾಯಿ ರಂಗಭೂಮಿಯಿಂದ ಬಂದ ಗಾಯಕಿ. 1938ರಲ್ಲಿ ಗಂಧರ್ವ ನಾಟಕ ಮಂಡಳಿಯನ್ನು ಸೇರಿದ ಮೇಲೆ ಆಕೆಯ ಬದುಕು ಮರಾಠಿ ರಂಗಭೂಮಿಯ ಮೇರುನಟ ಬಾಲಗಂಧರ್ವರೊಡನೆ ಬೆರೆತುಹೋಯಿತು. ಬಾಲಗಂಧರ್ವರ ಗಾಯನ ಶೈಲಿಯನ್ನು ಆಕೆ ಎಷ್ಟು ಒಳಗು ಮಾಡಿಕೊಂಡಿದ್ದರೆಂಬುದಕ್ಕೆ ತಟ್ಟೆಗಳೇ ಸಾಕ್ಷಿ. ಮಹಾರಾಷ್ಟ್ರದ ರಂಗಸ್ಮೃತಿಯಲ್ಲಿ ಮಾತ್ರ ಗೋಹರಬಾಯಿಯದು ವಿವಾದದ ಹೆಸರು. ಮಹಾನಟನ ಕೊನೆಯ ವರ್ಷಗಳ ಬಡತನಕ್ಕೆ ಆಕೆಯನ್ನು ಹೊಣೆಯಾಗಿಸಿದವರೇ ಹೆಚ್ಚು. ಆಕೆಯ ಕಂಠವನ್ನು ಕೇಳಿ ಬರೆದವರು ಅಷ್ಟಿಲ್ಲ. 1964ರಲ್ಲಿ ಗೋಹರಬಾಯಿ ತೀರಿಕೊಂಡರು.

ತಂಗಿ ಅಮೀರಬಾಯಿ 1934ರ ‘ವಿಷ್ಣುಭಕ್ತಿ’ ಚಿತ್ರದ ಮೂಲಕ ಬೆಳ್ಳಿತೆರೆಗೆ ಬಂದರು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡ ವರ್ಷವೂ ಅದೇ. ಸುಮಾರು ಒಂದು ದಶಕ ದೊಡ್ಡ ಯಶಸ್ಸೇನೂ ಸಿಗಲಿಲ್ಲ. 1943ರಲ್ಲಿ ಬಾಂಬೆ ಟಾಕೀಸಿನ ‘ಕಿಸ್ಮತ್’ ಬಂತು. ಅನಿಲ್ ಬಿಸ್ವಾಸರ ಸಂಗೀತ, ಕವಿ ಪ್ರದೀಪರ ಸಾಹಿತ್ಯ. ಕಲಕತ್ತೆಯ ರಾಕ್ಸಿ ಚಿತ್ರಮಂದಿರದಲ್ಲಿ ಆ ಚಿತ್ರ ಮೂರು ವರ್ಷಕ್ಕೂ ಮೀರಿ ಓಡಿತು. ಅದರ ಹಾಡುಗಳೊಡನೆ ಬೀಳಗಿಯ ದನಿ ದೇಶದ ದನಿಯಾಯಿತು. ಮರುವರ್ಷದ ‘ರತನ್’ ಚಿತ್ರಕ್ಕೆ ನೌಷಾದ್ ಅವರಿಂದ ಒಂದು ಹಾಡು, 1948ರಲ್ಲಿ ‘ಶಹನಾಜ್’ ಚಿತ್ರಕ್ಕೆ ಸ್ವತಃ ಸಂಗೀತ ನಿರ್ದೇಶನ, 1950ರ ‘ಸಮಾಧಿ’ಯಲ್ಲಿ ಲತಾ ಮಂಗೇಶ್ಕರರೊಡನೆ ಜೋಡಿಹಾಡು. ಈ ಕೊನೆಯದರ ಮಾತು ಮುಂದೆ ಬರುತ್ತದೆ. ಕನ್ನಡದ ಭಕ್ತಿಗೀತೆಗಳನ್ನೂ ಅಮೀರಬಾಯಿ ಹಾಡಿದ್ದರು. 1965ರಲ್ಲಿ ಅವರ ನಿಧನವಾಯಿತು. ಆಕೆಯ ಹೆಸರನ್ನು ಹೊತ್ತ ಅಮೀರ್ ಟಾಕೀಸ್ ವಿಜಯಪುರದವರಿಗೆ ಚಿರಪರಿಚಿತ. ರಹಮತ್ ತರೀಕೆರೆಯವರು ಅಮೀರಬಾಯಿಯ ಬದುಕಿನ ಬಗ್ಗೆ ಕನ್ನಡದಲ್ಲಿ ಪುಸ್ತಕವನ್ನೇ ಬರೆದಿದ್ದಾರೆ. ಆಸಕ್ತರು ಅಲ್ಲಿಂದಲೇ ಆರಂಭಿಸುವುದು ಒಳ್ಳೆಯದು.

ಅರಗಿನ ತಟ್ಟೆ

ಗ್ರಾಮೋಫೋನ್ ಕಂಪನಿಯ ಫ್ರೆಡ್ ಗೈಸ್ಬರ್ಗ್ ಕಲಕತ್ತೆಗೆ ಬಂದು ಭಾರತೀಯ ಕಲಾವಿದರ ದನಿಯನ್ನು ಮುದ್ರಿಸಿಕೊಂಡದ್ದು 1902ರ ನವೆಂಬರಿನಲ್ಲಿ. ಆಗ ಹಾಡಿದವರಲ್ಲಿ ಗೋಹರ್ ಜಾನ್ ಒಬ್ಬರು. ಹಾಡಿನ ಕೊನೆಗೆ ಆಕೆ ತನ್ನ ಹೆಸರನ್ನು ತಾನೇ ಇಂಗ್ಲಿಷಿನಲ್ಲಿ ಸಾರುವುದನ್ನು ಕೇಳಿ ಇಂದಿನವರು ಮುಗುಳ್ನಗುತ್ತಾರೆ. ಅದು ಜಂಭವಲ್ಲ, ಕಾರ್ಯವಿಧಾನ. ಮುದ್ರಣದ ಮೂಲಪ್ರತಿಗಳು ಹಡಗೇರಿ ಜರ್ಮನಿಯ ಹ್ಯಾನೋವರಿಗೆ ಹೋಗಬೇಕಿತ್ತು. ಅಲ್ಲಿ ತಟ್ಟೆ ಒತ್ತುವವರಿಗೆ ಯಾವುದು ಯಾರ ದನಿಯೆಂದು ತಿಳಿಯಲು ಬೇರೆ ಉಪಾಯವಿರಲಿಲ್ಲ. ಭಾರತದಲ್ಲಿಯೇ ತಟ್ಟೆ ತಯಾರಿಕೆ ಆರಂಭವಾದದ್ದು 1908ರಲ್ಲಿ, ಕಲಕತ್ತೆಯಲ್ಲಿ. ಗೋಹರ್ ಜಾನ್ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯಕ್ಕೆ ಬಂದು 1930ರ ಜನವರಿಯಲ್ಲಿ ಮೈಸೂರಿನಲ್ಲಿಯೇ ಕಣ್ಣುಮುಚ್ಚಿದರು.

ತಟ್ಟೆಯ ಮುಖ್ಯ ದ್ರವ್ಯ ಅರಗು. ಅದಕ್ಕೆ ಕಲ್ಲಿನ ಪುಡಿ ಮತ್ತು ಮಸಿಯನ್ನು ಬೆರೆಸಿ, ಕಾಯಿಸಿ, ಒತ್ತುತ್ತಿದ್ದರು. ಜಗತ್ತಿನ ತಟ್ಟೆಗಳಿಗೆಲ್ಲ ಬೇಕಾದ ಅರಗಿನ ಬಹುಪಾಲು ಹೋಗುತ್ತಿದ್ದುದು ಭಾರತದ ಕಾಡುಗಳಿಂದಲೇ. ನ್ಯೂಯಾರ್ಕಿನಲ್ಲಿ ಮುದ್ರಿತವಾದ ಜಾಝ್ ತಟ್ಟೆಯಲ್ಲಿಯೂ ಛೋಟಾ ನಾಗಪುರದ ಮರಗಳ ಅರಗು ಇದ್ದಿರಬಹುದೆಂಬುದು ನೆನೆಯಲು ಸೊಗಸಾದ ವಿಷಯ. ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಲ್ಲಿ ಹಿಡಿಸುತ್ತಿದ್ದುದು ಮೂರು ನಿಮಿಷ, ಮೇಲೆ ಕೆಲವು ಸೆಕೆಂಡು. ಗಂಟೆಗಟ್ಟಲೆ ಹಾಡುವವರು ಆ ಮೂರು ನಿಮಿಷದಲ್ಲಿ ರಾಗವನ್ನು ಕಟ್ಟಿ ನಿಲ್ಲಿಸಬೇಕಿತ್ತು. ಅದು ಕಲೆಗೆ ಮಾಡಿದ ಅನ್ಯಾಯವೆಂದು ವಾದಿಸುವವರಿದ್ದಾರೆ. ಸವಾಯಿ ಗಂಧರ್ವ, ಮಲ್ಲಿಕಾರ್ಜುನ ಮನ್ಸೂರರ ತಟ್ಟೆಗಳನ್ನು ಮನಸ್ಸಿಟ್ಟು ಕೇಳಿದವರಿಗೆ ಹಾಗನ್ನಿಸದು.

ಈ ತಟ್ಟೆಗಳು ನಮ್ಮ ಸೀಮೆಯಲ್ಲಿ ಏನು ಮಾಡಿದವು ಎಂಬುದಕ್ಕೆ ಒಂದೇ ಉದಾಹರಣೆ ಸಾಕು. ಬಾದಾಮಿಗೆ ನೆರೆಯಾದ ಗದಗ ಸೀಮೆಯ ಬಾಲಕ ಭೀಮಸೇನ ಜೋಶಿ, ಅಂಗಡಿಯಲ್ಲಿ ನುಡಿಸುತ್ತಿದ್ದ ಅಬ್ದುಲ್ ಕರೀಂ ಖಾನರ ಝಿಂಝೋಟಿ ಠುಮರಿಯ ತಟ್ಟೆಯನ್ನು ಕೇಳಿ ಗುರುವನ್ನರಸಿ ಮನೆ ಬಿಟ್ಟದ್ದನ್ನು ತಾವೇ ಹೇಳಿಕೊಂಡಿದ್ದಾರೆ. ಅದು 1933, ಹುಡುಗನಿಗೆ ಹನ್ನೊಂದು ವರ್ಷ. ಗಂಗೂಬಾಯಿ ಹಾನಗಲ್ ಅವರೂ ಬಾಲ್ಯದಲ್ಲಿ ಗ್ರಾಮೋಫೋನಿನ ದನಿ ಕೇಳಿದೊಡನೆ ಬೀದಿಗೆ ಓಡುತ್ತಿದ್ದವರೇ.

ತಟ್ಟೆಯನ್ನು ಓದುವುದು

ಐಹೊಳೆಯ ಮೇಗುತಿ ಗುಡಿಯ ಗೋಡೆಯಲ್ಲಿರುವ ಶಾಸನ ಇಮ್ಮಡಿ ಪುಲಕೇಶಿಯ ಕಾಲನಿರ್ಣಯಕ್ಕೆ ಆಧಾರವಾದದ್ದು ಅದರ ಕಾವ್ಯಗುಣದಿಂದಲ್ಲ. ಕವಿ ರವಿಕೀರ್ತಿ ತನ್ನ ಹೆಸರಿನೊಡನೆ ಶಕವರ್ಷ 556 ಎಂದು ಸ್ಪಷ್ಟವಾಗಿ ಕೆತ್ತಿಸಿದ್ದರಿಂದ, ಅಂದರೆ ಕ್ರಿ.ಶ. 634 ಎಂದು ಲೆಕ್ಕ ಹಾಕಲು ಸಾಧ್ಯವಾದ್ದರಿಂದ. ಗ್ರಾಮೋಫೋನ್ ತಟ್ಟೆಗೂ ಇಂಥದೊಂದು ಶಾಸನವಿದೆ. ಚೀಟಿಯ ಮೇಲೆ ಅಚ್ಚಾಗಿರುವುದು ಮಾರಾಟದ ಸಂಖ್ಯೆ: ಎಚ್‌.ಎಂ.ವಿ.ಯ ಎನ್ ಸರಣಿ, ಕೊಲಂಬಿಯಾದ ಜಿ.ಇ. ಸರಣಿ, ಟ್ವಿನ್ ಕಂಪನಿಯ ಎಫ್‌.ಟಿ. ಸರಣಿ ಹೀಗೆ. ಚೀಟಿಗೂ ಕೊನೆಯ ಗೀರಿಗೂ ನಡುವೆ ಇರುವ ಖಾಲಿ ಜಾಗದಲ್ಲಿ, ಓರೆಯಾಗಿ ಬೆಳಕು ಹಿಡಿದರೆ ಮಾತ್ರ ಕಾಣುವಂತೆ, ಇನ್ನೊಂದು ಸಂಖ್ಯೆ ಇರುತ್ತದೆ. ಅದು ಮುದ್ರಣದ ದಿನ ಮೂಲಪ್ರತಿಗೆ ಕೊಟ್ಟ ಮಾತೃಕಾ ಸಂಖ್ಯೆ. ಚೀಟಿ ಸುಳ್ಳು ಹೇಳಬಹುದು, ಹರಿದುಹೋಗಬಹುದು, ಮರುಮುದ್ರಣದಲ್ಲಿ ಬದಲಾಗಬಹುದು. ಮಾತೃಕಾ ಸಂಖ್ಯೆ ಬದಲಾಗುವುದಿಲ್ಲ. ಒಂದೇ ಹಾಡನ್ನು ಕಲಾವಿದರು ಎರಡು ಸಲ ಹಾಡಿ, ಎರಡೂ ಬಿಡುಗಡೆಯಾಗಿದ್ದರೆ ಅದನ್ನು ಕಂಡುಹಿಡಿಯುವ ದಾರಿಯೂ ಇದೇ.

ಚೀಟಿ ಸುಳ್ಳು ಹೇಳುತ್ತದೆಂಬುದು ಅತಿಶಯೋಕ್ತಿಯಲ್ಲ. ಗಂಗೂಬಾಯಿಯವರ ಆರಂಭದ ತಟ್ಟೆಗಳ ಮೇಲಿರುವುದು ‘ಗಾಂಧಾರಿ ಹಾನಗಲ್’. 1949ರ ‘ಮಹಲ್’ ಚಿತ್ರದ ಪ್ರಸಿದ್ಧ ಹಾಡಿನ ಮೊದಲ ತಟ್ಟೆಗಳಲ್ಲಿ ಗಾಯಕಿಯ ಹೆಸರು ‘ಕಾಮಿನಿ’. ಅದು ಚಿತ್ರದ ಪಾತ್ರದ ಹೆಸರು, ಹಾಡಿದವರು ಲತಾ. ಝೊಹ್ರಾಬಾಯಿ ಎಂಬ ಹೆಸರಿನವರು ಇಬ್ಬರು: 1913ರಲ್ಲಿ ತೀರಿಕೊಂಡ ಆಗ್ರೆವಾಲಿ ಮತ್ತು ‘ರತನ್’ ಚಿತ್ರದ ಅಂಬಾಲೆವಾಲಿ.

ಗೋಹರ್ ಎಂಬ ಹೆಸರಿನ ಕಥೆಯಂತೂ ಇನ್ನೂ ಜಟಿಲ. ಕಲಕತ್ತೆಯ ಗೋಹರ್ ಜಾನ್ ಒಬ್ಬರು. ಚಂದೂಲಾಲ್ ಶಾಹರೊಡನೆ ರಣಜಿತ್ ಚಿತ್ರಸಂಸ್ಥೆಯನ್ನು ಕಟ್ಟಿದ ನಟಿ ಗೋಹರ್ ಮಾಮಾಜಿವಾಲಾ ಇನ್ನೊಬ್ಬರು. ಮೂರನೆಯವರು ನಮ್ಮ ಬೀಳಗಿಯ ಗೋಹರಬಾಯಿ. ಅಂತರಜಾಲದಲ್ಲಿ ಒಬ್ಬರ ಹಾಡಿಗೆ ಮತ್ತೊಬ್ಬರ ಭಾವಚಿತ್ರ ಅಂಟಿಸಿರುವುದನ್ನು ಯಾರೂ ನೋಡಬಹುದು. ಮೂವರಲ್ಲಿ ಹೆಚ್ಚು ನಷ್ಟವಾಗುವುದು, ಕಡಿಮೆ ಪ್ರಸಿದ್ಧಳಾದ ಮೂರನೆಯವಳಿಗೇ. ‘ಕರ್ನಾಟಕಿ’ ಎಂಬ ಉತ್ತರಪದವೊಂದೇ ಆಕೆಯ ರಕ್ಷಣೆ; ಧ್ವನಿಯನ್ನು ಮಾತ್ರ ನಕಲು ಮಾಡಿ ಚೀಟಿಯನ್ನು ಬಿಟ್ಟುಬಿಟ್ಟರೆ ಅದೂ ಉಳಿಯುವುದಿಲ್ಲ.

ಜಾಝ್ ಸಂಗ್ರಾಹಕರ ಶಿಸ್ತು

ಈ ವಿಷಯದಲ್ಲಿ ನಾವು ಕಲಿಯಬೇಕಾದದ್ದು ಜಾಝ್ ಪ್ರಿಯರಿಂದ. ಅಮೆರಿಕದ ಜಾಝ್ ಸಂಗೀತದ ಮೊದಲ ತಟ್ಟೆ ಹೊರಬಂದದ್ದು 1917ರಲ್ಲಿ. ಎರಡೇ ದಶಕಗಳೊಳಗೆ, 1936ರಲ್ಲಿ, ಫ್ರಾನ್ಸಿನ ಶಾರ್ಲ್ ದೆಲೋನೆ ಎಂಬಾತ ಜಾಝ್ ತಟ್ಟೆಗಳ ಸವಿವರ ಪಟ್ಟಿಯೊಂದನ್ನು ಪ್ರಕಟಿಸಿದ. ಹಾಡಿನ ಹೆಸರು ಸಾಲದು. ಯಾವ ದಿನ, ಯಾವ ಊರು, ಯಾರು ಯಾವ ವಾದ್ಯ, ಮಾತೃಕಾ ಸಂಖ್ಯೆ ಯಾವುದು ಎಂಬುದನ್ನೆಲ್ಲ ಬರೆದಿಡುವ ಪದ್ಧತಿ ಅಲ್ಲಿಂದ ಬೇರೂರಿತು. ಲೂಯಿ ಆರ್ಮ್‌ಸ್ಟ್ರಾಂಗನ ‘ಹಾಟ್ ಫೈವ್’ ತಂಡ 1925ರ ನವೆಂಬರ್ 12ರಂದು ಶಿಕಾಗೋದಲ್ಲಿ ಮೊದಲ ಬಾರಿ ಮುದ್ರಣಕ್ಕೆ ಕುಳಿತಾಗ ಟ್ರಾಂಬೋನ್ ಊದಿದವನು ಕಿಡ್ ಓರಿ, ಕ್ಲಾರಿನೆಟ್ ಜಾನಿ ಡಾಡ್ಸ್, ಪಿಯಾನೊ ಲಿಲ್ ಹಾರ್ಡಿನ್, ಬ್ಯಾಂಜೊ ಜಾನಿ ಸೇಂಟ್ ಸೈರ್ ಎಂದು ಇಂದು ಯಾವ ಅಭಿಮಾನಿಯೂ ಹೇಳಬಲ್ಲ. ನಂತರದ ಮರುಬಿಡುಗಡೆಗಳ ಹೊದಿಕೆಯ ಮೇಲೆ ಇವೆಲ್ಲ ಅಚ್ಚಾಗುವುದು ಸಹಜ ಮರ್ಯಾದೆಯೆನಿಸಿಕೊಂಡಿದೆ.

ನಮ್ಮಲ್ಲಿ ‘ಕಿಸ್ಮತ್’ ಹಾಡಿಗೆ ಪಿಟೀಲು ನುಡಿಸಿದವರು ಯಾರೆಂದು ಕೇಳಿದರೆ ಚೀಟಿ ಮೌನವಾಗಿರುತ್ತದೆ. ಸಾಥಿದಾರರ ಹೆಸರನ್ನು ಅಚ್ಚು ಹಾಕುವ ಪರಿಪಾಠವೇ ವಿರಳವಾಗಿತ್ತು. ಇದರಿಂದ ಜಾಝಿನ ಚರಿತ್ರೆಗೂ ನಷ್ಟವಾಗಿದೆ. ಏಕೆಂದರೆ ಮುಂಬಯಿ ಚಿತ್ರಸಂಗೀತದ ವಾದ್ಯಮೇಳಗಳಲ್ಲಿ ಗೋವೆಯ ಜಾಝ್ ವಾದಕರು ತುಂಬಿಕೊಂಡಿದ್ದ ಕಾಲವದು. ಸಿ. ರಾಮಚಂದ್ರರ ತಂಡದಲ್ಲಿದ್ದ ಕಹಳೆಗಾರ ಚಿಕ್ ಚಾಕೊಲೇಟ್ 1951ರ ‘ಅಲ್ಬೇಲಾ’ ಚಿತ್ರದಲ್ಲಿ ತನ್ನ ಬ್ಯಾಂಡಿನೊಡನೆ ತೆರೆಯ ಮೇಲೆಯೇ ಕಾಣಿಸಿಕೊಂಡಿದ್ದಾನೆ. ಅದೇ ರಾಮಚಂದ್ರರು ಹಿಂದಿನ ವರ್ಷ ‘ಸಮಾಧಿ’ಗೆ ಮಾಡಿದ ಜೋಡಿಹಾಡು ಲ್ಯಾಟಿನ್ ಅಮೆರಿಕದ ಕುಣಿತದ ಲಯದ್ದು. ನಾಟಕದ ಪದ, ಕವ್ವಾಲಿಗಳ ಹಿನ್ನೆಲೆಯಿಂದ ಬಂದ ಬೀಳಗಿಯ ಕಂಠ ಆ ಲಯದಲ್ಲಿ ತುಸುವೂ ತಡವರಿಸದೆ ಲತಾರ ಎಳೆಯ ದನಿಯೊಡನೆ ಸರಸವಾಡುವುದನ್ನು ಕೇಳಬೇಕು. ಅಮೀರಬಾಯಿ ಹಳೆಯ ಕಾಲದ ಗಾಯಕಿ, ಹೊಸ ಲಯಗಳಿಗೆ ಒಗ್ಗಲಿಲ್ಲ ಎಂದು ಒಂದೇ ಮಾತಿನಲ್ಲಿ ತೀರ್ಪು ಕೊಡುವವರಿಗೆ ಆ ಒಂದು ಮಗ್ಗುಲು ಉತ್ತರವಾದೀತು.

ಭಾರತದಲ್ಲಿ ಪಟ್ಟಿ ಮಾಡುವ ಕೆಲಸ ತಡವಾಗಿಯಾದರೂ ನಡೆದಿದೆ. ಕಾನ್ಪುರದ ಹರಮಂದಿರ್ ಸಿಂಗ್ ‘ಹಮ್‌ರಾಜ್’ ಅವರ ‘ಹಿಂದಿ ಫಿಲ್ಮ್ ಗೀತ್ ಕೋಶ್’ 1931ರಿಂದ ಮೊದಲ್ಗೊಂಡು ಚಿತ್ರಗೀತೆಗಳನ್ನು ತಟ್ಟೆಯ ಸಂಖ್ಯೆಯ ಸಮೇತ ದಾಖಲಿಸಿದೆ. ಮೈಕೆಲ್ ಕಿನ್ನಿಯರ್ 1899ರಿಂದ 1908ರವರೆಗಿನ ಭಾರತೀಯ ಮುದ್ರಣಗಳ ಪಟ್ಟಿಯನ್ನು 1994ರಲ್ಲಿ ಹೊರತಂದರು. ಮುಂಬಯಿಯಲ್ಲಿ 1990ರಲ್ಲಿ ಸುರೇಶ್ ಚಾಂದವಣಕರ್ ಅವರ ಮುಂದಾಳ್ತನದಲ್ಲಿ ಹುಟ್ಟಿದ ಭಾರತೀಯ ಧ್ವನಿಮುದ್ರಿಕೆ ಸಂಗ್ರಾಹಕರ ಸಂಘವು ಶ್ರವಣಕೂಟಗಳನ್ನು ನಡೆಸಿತು, ಪತ್ರಿಕೆಯನ್ನೂ ಪ್ರಕಟಿಸಿತು. ಚಾಂದವಣಕರರ ಶ್ರಮದಿಂದಲೇ ‘ಯಂಗ್ ಇಂಡಿಯಾ’ ಮತ್ತು ‘ಓಡಿಯನ್’ ಕಂಪನಿಗಳ ತಟ್ಟೆಗಳು ಬ್ರಿಟಿಷ್ ಲೈಬ್ರರಿಯ ಯೋಜನೆಯಡಿ ಡಿಜಿಟಲ್ ರೂಪಕ್ಕೆ ಬಂದವು. ಬೆಂಗಳೂರಿನಲ್ಲಿ ವಿಕ್ರಮ್ ಸಂಪತ್ 2011ರಲ್ಲಿ ‘ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್’ ಸಂಸ್ಥೆಯನ್ನು ಆರಂಭಿಸಿದರು.

ಇಷ್ಟಾದರೂ ಅಮೀರಬಾಯಿಯ ಹಿಂದಿ ಹಾಡುಗಳಿಗಿರುವ ಗೀತಕೋಶದಂಥದು ಕನ್ನಡದ ಚಿತ್ರೇತರ ತಟ್ಟೆಗಳಿಗೆ ಒದಗಿಲ್ಲ. ನಾಟಕದ ಪದಗಳು, ವಚನ, ತತ್ತ್ವಪದ, ಭಾವಗೀತೆ, ಹಾಸ್ಯ ಸಂವಾದ ಎಲ್ಲವೂ ಕನ್ನಡದಲ್ಲಿ ತಟ್ಟೆಯಾಗಿ ಬಂದಿವೆ. ಮುಂಬಯಿ ಕರ್ನಾಟಕದ ಕಲಾವಿದರು ಸಾಮಾನ್ಯವಾಗಿ ಮುಂಬಯಿಗೆ, ಹಳೆಯ ಮೈಸೂರಿನವರು ಮದರಾಸಿಗೆ ಹೋಗಿ ಹಾಡುತ್ತಿದ್ದುದರಿಂದ ದಾಖಲೆಗಳೂ ಎರಡು ಕಡೆ ಹಂಚಿಹೋದವು. ಬೀಳಗಿ ಸೋದರಿಯರ ಕನ್ನಡ ಮಗ್ಗುಲುಗಳನ್ನು ಒಂದೆಡೆ ಕೂಡಿಸುವ ಕೆಲಸವನ್ನು ಈ ಸೀಮೆಯವರೇ ಮಾಡಬೇಕಾಗಿದೆ; ಮುಂಬಯಿಯ ಸಂಗ್ರಾಹಕರಿಗೆ ಕನ್ನಡ ಲಿಪಿಯ ಚೀಟಿ ಓದಲು ಬರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ.

ಮರುಬಿಡುಗಡೆಯ ಗುಣಾವಗುಣ

ಹಳೆಯ ಹಾಡು ಲಾಂಗ್‌ಪ್ಲೇ ತಟ್ಟೆ, ಕ್ಯಾಸೆಟ್, ಸಿ.ಡಿ. ರೂಪಗಳಲ್ಲಿ ಮತ್ತೆ ಮತ್ತೆ ಬಂದಿದೆ. ಗ್ರಾಮೋಫೋನ್ ಕಂಪನಿಯ ಉತ್ತರಾಧಿಕಾರಿಯಾದ ಸರೆಗಮ 2017ರಲ್ಲಿ ಐದು ಸಾವಿರ ಹಿಂದಿ ಹಾಡುಗಳನ್ನು ತುಂಬಿದ ‘ಕಾರವಾನ್’ ಪೆಟ್ಟಿಗೆಯನ್ನೇ ಮಾರುಕಟ್ಟೆಗೆ ತಂದಿತು. ಆದರೆ ಹಳೆಯ ಹಾಡು ಮತ್ತೆ ಕೇಳಿಸಿದ ಮಾತ್ರಕ್ಕೆ ಸರಿಯಾಗಿ ಕೇಳಿಸಿತೆಂದಲ್ಲ.

ಮೊದಲನೆಯ ತೊಂದರೆ ವೇಗದ್ದು. 78 ಸುತ್ತು ಎಂಬುದು ಆರಂಭದ ದಶಕಗಳಲ್ಲಿ ಕೇವಲ ವಾಡಿಕೆಯ ಮಾತು. ಆಗಿನ ತಟ್ಟೆಗಳ ನಿಜವಾದ ವೇಗ ಕೆಲವು ಸುತ್ತು ಹಿಂದೆ ಮುಂದೆ ಇರುತ್ತಿತ್ತು. 74ರಲ್ಲಿ ಮುದ್ರಿಸಿದ್ದನ್ನು 78ರಲ್ಲಿ ನುಡಿಸಿದರೆ ಶ್ರುತಿ ಹತ್ತಿರ ಹತ್ತಿರ ಅರ್ಧ ಸ್ವರ ಏರುತ್ತದೆ. ಪೆಟ್ಟಿಗೆಯ ಭಾಷೆಯಲ್ಲಿ ಹೇಳುವುದಾದರೆ ಕರಿ ಒಂದರಲ್ಲಿ ಹಾಡಿದವರು ಬಿಳಿ ಎರಡರಲ್ಲಿ ಹಾಡಿದಂತಾಗುತ್ತದೆ. ದನಿ ತೆಳುವಾಗುತ್ತದೆ, ತಾನಗಳು ಅಸಹಜವಾಗಿ ಓಡುತ್ತವೆ. ಆ ತಾನದ ವೇಗವನ್ನು ಹೊಗಳಿ ಬರೆದ ವಿಮರ್ಶೆಗಳೂ ಉಂಟು!

ಎರಡನೆಯದು ಸದ್ದನ್ನು ಅಳಿಸುವ ಅತ್ಯುತ್ಸಾಹ. ಸೂಜಿಯ ಸರಸರ ಸದ್ದನ್ನು ಯಂತ್ರದಿಂದ ಪೂರ್ತಿ ಒರೆಸಿದರೆ ತಂಬೂರಿಯ ಝೇಂಕಾರವೂ ಗಾಯಕಿಯ ಉಸಿರೂ ಅದರೊಡನೆ ಹೋಗುತ್ತವೆ. ಸ್ವಲ್ಪ ಸರಸರ ಇರುವ ಮುದ್ರಿಕೆಯೇ ಲೇಸೆಂಬುದು ಬಹುಪಾಲು ಅನುಭವಿ ಸಂಗ್ರಾಹಕರ ಮತ.

ಹಕ್ಕಿನ ಪ್ರಶ್ನೆಯನ್ನೂ ಇಲ್ಲಿಯೇ ಹೇಳಬೇಕು. 1957ರ ಕೃತಿಸ್ವಾಮ್ಯ ಕಾಯ್ದೆಯ ಇಂದಿನ ರೂಪದಂತೆ ಧ್ವನಿಮುದ್ರಣದ ಹಕ್ಕು ಪ್ರಕಟಣೆಯ ಮರುವರ್ಷದಿಂದ 60 ವರ್ಷ ಇರುತ್ತದೆ. 1943ರ ತಟ್ಟೆಯ ಮೇಲಿನ ಹಕ್ಕು 2003ರ ಕೊನೆಗೆ ಮುಗಿಯಿತು. ಹಾಗೆಂದು ಹಾಡು ಸ್ವತಂತ್ರವಾಯಿತೆಂದು ತಿಳಿಯಬಾರದು. ಸಾಹಿತ್ಯ ಮತ್ತು ಸಂಗೀತದ ಹಕ್ಕು ಕರ್ತೃವಿನ ಮರಣಾನಂತರ 60 ವರ್ಷ ನಡೆಯುತ್ತದೆ; ಕವಿ ಪ್ರದೀಪ್ ತೀರಿಕೊಂಡದ್ದು 1998ರಲ್ಲಿ, ಅನಿಲ್ ಬಿಸ್ವಾಸ್ 2003ರಲ್ಲಿ. ಸಾಂಪ್ರದಾಯಿಕ ಬಂದಿಶ್, ದಾಸರ ಪದ, ಶರಣರ ವಚನಗಳಿಗೆ ಮಾತ್ರ ಈ ಎರಡನೆಯ ತೊಡಕು ಅಷ್ಟಾಗಿ ಇಲ್ಲ.

ಎಲ್ಲಿ ಹುಡುಕಬೇಕು, ಹೇಗೆ ಕಾಪಾಡಬೇಕು

ತಟ್ಟೆಗಳು ಸಿಗುವುದು ಮನೆ ಖಾಲಿಯಾಗುವಾಗ. ಆಲಮಟ್ಟಿ ಹಿನ್ನೀರಿಗಾಗಿ ಹಳೆಯ ಬಾಗಲಕೋಟೆಯ ಮನೆಗಳನ್ನು ತೆರವು ಮಾಡಿ ಜನ ನವನಗರಕ್ಕೆ ಹೋದರು. ಬೀಳಗಿ ತಾಲೂಕಿನ ಹೊಳೆದಂಡೆಯ ಊರುಗಳದ್ದೂ ಅದೇ ಕಥೆ. ಹಾಗೆ ಹೊರಟಾಗ ಹಿತ್ತಾಳೆ ಕೊಡ ಜೊತೆಗೆ ಬರುತ್ತದೆ, ಜೋರಾಗಿ ಇಟ್ಟರೆ ಒಡೆಯುವ, ಭಾರವಾದ, ನುಡಿಸಲು ಯಂತ್ರವೂ ಇಲ್ಲದ ಕರಿ ತಟ್ಟೆಗಳು ಹಿಂದುಳಿಯುತ್ತವೆ, ಇಲ್ಲವೆ ಗುಜರಿಗೆ ಹೋಗುತ್ತವೆ. ಉಳಿದವುಗಳನ್ನು ಹಳೆಯ ವಾಡೆಗಳ ಅಟ್ಟ, ನೇಕಾರಿಕೆ ಮತ್ತು ವ್ಯಾಪಾರದ ಹಣ ಓಡಾಡಿದ ಇಳಕಲ್ಲು, ಗುಳೇದಗುಡ್ಡದಂಥ ಊರುಗಳ ಹಳೆಯ ಮನೆ, ನಿಂತುಹೋದ ನಾಟಕ ಕಂಪನಿಗಳ ಪೆಟ್ಟಿಗೆಗಳಲ್ಲಿ ಹುಡುಕಬೇಕು.

ಸಿಕ್ಕ ತಟ್ಟೆಯನ್ನು ಒಡನೆಯೇ ಕೀಲಿ ಕೊಡುವ ಗ್ರಾಮೋಫೋನಿಗೆ ಹಾಕಬಾರದು. ಅದರ ಧ್ವನಿಪೆಟ್ಟಿಗೆ ನೂರು ಗ್ರಾಮಿಗೂ ಹೆಚ್ಚು ತೂಗುತ್ತದೆ. ಉಕ್ಕಿನ ಸೂಜಿ ಪ್ರತಿ ಸಲವೂ ಗೀರನ್ನು ಸವೆಸುತ್ತದೆ. ಇಂದಿನ ವಿದ್ಯುತ್ ಯಂತ್ರದ ತೋಳಿನ ಭಾರ ನಾಲ್ಕೈದು ಗ್ರಾಮು. ಆದರೆ ಲಾಂಗ್‌ಪ್ಲೇಗೆ ಬಳಸುವ ಸೂಜಿಮೊನೆ ಇಲ್ಲಿ ಸಲ್ಲದು, 78ರ ಗೀರು ಅದರ ಮೂರು ಪಟ್ಟು ಅಗಲದ್ದು. ಅದಕ್ಕೆಂದೇ ಮಾಡಿದ ಮೊನೆ ಬೇಕು. ಸ್ಪಿರಿಟ್ ಹಚ್ಚಿ ಒರೆಸುವುದು ಅತ್ಯಂತ ಅಪಾಯಕರ, ಅರಗು ಅದರಲ್ಲಿ ಕರಗುತ್ತದೆ. ಮೃದುವಾದ ಸಾಬೂನಿನ ನೀರಿನಲ್ಲಿ, ಚೀಟಿಗೆ ತಾಗದಂತೆ ತೊಳೆದು ನೆರಳಿನಲ್ಲಿ ಒಣಗಿಸಿದರೆ ಸಾಕು. ನಮ್ಮ ಬೇಸಿಗೆಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟ ತಟ್ಟೆಗಳು ಬಾಗುತ್ತವೆ. ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿಡಬೇಕು. ತಗಡಿನ ಛಾವಣಿಯ ಕೆಳಗಂತೂ ಬೇಡವೇ ಬೇಡ.

ಬೆಲೆಯ ಬಗ್ಗೆ ಹೆಚ್ಚು ಆಸೆ ಇಟ್ಟುಕೊಳ್ಳಬೇಕಾಗಿಲ್ಲ. ಜನಪ್ರಿಯ ಚಿತ್ರಗೀತೆಗಳ ತಟ್ಟೆಗಳು ಅಸಂಖ್ಯ ಪ್ರತಿ ಮಾರಾಟವಾದವು, ಆದ್ದರಿಂದ ಅಗ್ಗ. ವಿಚಿತ್ರವೆಂದರೆ ಭಾರತದ 78ರ ತಟ್ಟೆಗಳಲ್ಲಿ ವಿದೇಶೀಯರು ಮುಗಿಬಿದ್ದು ಕೊಳ್ಳುವುದು ಬೀಟಲ್ಸ್ ತಂಡದವನ್ನು. ಪಶ್ಚಿಮದಲ್ಲಿ 78ರ ತಯಾರಿಕೆ ನಿಂತ ಮೇಲೂ ಇಲ್ಲಿ ಅವು 1960ರ ದಶಕದಲ್ಲಿ ಒತ್ತಲ್ಪಡುತ್ತಿದ್ದವು. ಕನ್ನಡದ ಚಿತ್ರೇತರ ತಟ್ಟೆ ಕಡಿಮೆ ಸಂಖ್ಯೆಯಲ್ಲಿ ಬಂದದ್ದು, ಈಗ ಅಪರೂಪ, ಕೇಳುವವರು ಕಡಿಮೆಯಾದ್ದರಿಂದ ಬೆಲೆಯೂ ಕಡಿಮೆ. ಗುಜರಿಗೆ ಹೋಗುವ ಭಯ ಹೆಚ್ಚಿರುವುದೂ ಅದಕ್ಕೇ.

ನುಡಿಸುವ ಅನುಕೂಲವಿಲ್ಲದವರೂ ಒಂದು ಕೆಲಸ ಮಾಡಬಹುದು. ಎರಡೂ ಮಗ್ಗುಲಿನ ಚೀಟಿಯ ಛಾಯಾಚಿತ್ರ ತೆಗೆದು, ಓರೆ ಬೆಳಕಿನಲ್ಲಿ ಮಾತೃಕಾ ಸಂಖ್ಯೆಯನ್ನು ಓದಿ ಬರೆದುಕೊಂಡು, ತಟ್ಟೆ ಯಾವ ಊರಿನ ಯಾವ ಮನೆತನದಿಂದ ಬಂತೆಂಬುದನ್ನು ಜೊತೆಗೆ ಸೇರಿಸಬೇಕು. ತಟ್ಟೆ ಎರಡು ಹೋಳಾಗಿದ್ದರೆ ಹೋಳುಗಳನ್ನು ಎಸೆಯಬಾರದು. ಜೋಡಿಸಿ ನುಡಿಸಿ ಹಾಡನ್ನು ಉಳಿಸಿಕೊಂಡ ನಿದರ್ಶನಗಳಿವೆ. ಅದೂ ಸಾಧ್ಯವಾಗದಿದ್ದರೆ ಚೀಟಿಯಿರುವ ನಡುವಿನ ಭಾಗವನ್ನಾದರೂ ಕಾಗದದಲ್ಲಿ ಸುತ್ತಿಡಬೇಕು. ಅದೇ ಸಂಖ್ಯೆಯ ಇಡೀ ತಟ್ಟೆ ಮುಂದೊಮ್ಮೆ ಸೊಲ್ಲಾಪುರದಲ್ಲೋ ಹುಬ್ಬಳ್ಳಿಯಲ್ಲೋ ಚೀಟಿ ಹರಿದ ಸ್ಥಿತಿಯಲ್ಲಿ ಸಿಕ್ಕಾಗ, ಹಾಡಿದವಳು ಬೀಳಗಿಯವಳೆಂದು ಹೇಳಲು ಉಳಿದಿರುವುದು ಆ ತುಂಡೊಂದೇ ಆಗಿರಬಹುದು.